ಡೆಮೊ ಓಡಿದರೆ ಆಟವೂ ಓಡುತ್ತದೆ

ಸೆಪ್ಟೆಂಬರ್ 5, ಸೋಮವಾರ

ಇನ್ನು ಮೂವತ್ತೈದು ದಿನ.

ಅಕ್ಟೋಬರ್ ಹತ್ತಕ್ಕೆ ಈ ಆಫೀಸಿನಲ್ಲಿ ನನ್ನ ಮೂರು ತಿಂಗಳ ಟ್ರಯಲ್ ಮುಗಿಯುತ್ತದೆ. ಅಂದು ಯಜಮಾನರು ‘ಇರಿ’ ಎನ್ನಬೇಕು, ಇಲ್ಲವೇ ‘ಹೋಗಿ ಬನ್ನಿ’ ಎನ್ನಬೇಕು. ಅಲ್ಲಿಯವರೆಗೆ ನನ್ನ ಮಂತ್ರ ಒಂದೇ: ನಾನಾಯಿತು, ನನ್ನ ಕೆಲಸವಾಯಿತು. ಹಿಂದಿನ ಕಂಪನಿಯಲ್ಲಿ ಬಿಡುಗಡೆಗೆ ಎರಡು ದಿನ ಇರುವಾಗ ತಪ್ಪೊಂದನ್ನು ಎತ್ತಿ ತೋರಿಸಿದೆ. ತಪ್ಪು ಮಾಡಿದವರು ಉಳಿದರು, ತೋರಿಸಿದ ನಾನು ಎಂಟು ತಿಂಗಳು ಮನೆಯಲ್ಲಿ ಕೂತೆ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಅದೇ.

ಇಲ್ಲಿ ನಾವು ಆರು ಜನ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಕಂಪ್ಯೂಟರ್ ಆಟ ಮಾಡುತ್ತೇವೆ. ಆಟದ ಹೆಸರು ‘ಟಪಾಲು’. ಆಡುವವರು ಅಂಚೆಯವರಾಗಿ ಒಂದು ಊರಿನ ನಲವತ್ತೆರಡು ಬೀದಿಗಳಲ್ಲಿ ಕಾಗದ ಹಂಚಬೇಕು. ರುಚಿ ನೋಡಲೆಂದು ಮೊದಲ ಬೀದಿಯನ್ನಷ್ಟೇ ಡೆಮೊ ಮಾಡಿ ಆಗಸ್ಟ್‌ನಲ್ಲಿ ಬಿಟ್ಟಿದ್ದೇವೆ. ಒಂದು ಬೀದಿ, ಏಳು ಕಾಗದ, ಕಾಟ ಕೊಡುವ ಒಂದು ನಾಯಿ. ಪೂರ್ತಿ ಆಟ ಇದೇ ಮೂವತ್ತಕ್ಕೆ.

ನನ್ನ ಕೆಲಸ ಆಡಿಸಿ ನೋಡುವುದು, ಅದರಲ್ಲೂ ‘ಅಜ್ಜಿ’ಯ ಮೇಲೆ. ಅಜ್ಜಿ ಎಂದರೆ ಆಫೀಸಿನ ಮೂಲೆಯಲ್ಲಿರುವ ಅತಿ ಹಳೆಯ ಕಂಪ್ಯೂಟರ್. ಅಜ್ಜಿಯ ಮೇಲೆ ಓಡಿದ್ದು ಯಾರ ಮನೆಯಲ್ಲಾದರೂ ಓಡುತ್ತದೆ ಎಂಬುದು ಇಲ್ಲಿಯ ನಂಬಿಕೆ. ಡೆಮೊ ಓಡಿತು. ಪೂರ್ತಿ ಆಟವೂ ನೀರು ಕುಡಿದಷ್ಟು ಸಲೀಸಾಗಿ ಓಡಿತು. ‘ನಮ್ಮದು ಹಳೇ ಕಂಪ್ಯೂಟರ್, ತಗೋಬಹುದಾ?’ ಎಂದು ಬರೆದು ಕೇಳಿದ ಇನ್ನೂರ ಹನ್ನೊಂದು ಜನರಿಗೆ ನಾನು ಕೊಟ್ಟ ಉತ್ತರವನ್ನೇ ಯಜಮಾನರು ಡೆಮೊ ಪುಟದ ನೆತ್ತಿಯ ಮೇಲೆ ಹಾಕಿಸಿದ್ದಾರೆ: ‘ನಿಮ್ಮಲ್ಲಿ ಡೆಮೊ ಓಡಿದರೆ ಆಟವೂ ಓಡುತ್ತದೆ.’ ನನ್ನ ವಾಕ್ಯ. ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ.

ಮನೆಯಲ್ಲಿ ಬೇರೆ ಆಟ. ಶನಿವಾರ ಅತ್ತೆ ಎರಡು ಟ್ರಂಕಿನೊಂದಿಗೆ ಬಂದಿಳಿದರು. ಇಷ್ಟು ದಿನ ವರ್ಷಕ್ಕೆ ಹತ್ತು ದಿನ ಬಂದು, ನಗುನಗುತ್ತ ಇದ್ದು, ನಗುನಗುತ್ತ ಹೋಗುತ್ತಿದ್ದರು. ಈಗ ತಮ್ಮ ಬಾಡಿಗೆ ಮನೆ ಬಿಟ್ಟು ಇಲ್ಲೇ ಇರಲು ಬಂದಿದ್ದಾರೆ. ನನ್ನ ಗಂಡ ಕೆಲಸದ ಮೇಲೆ ಎರಡು ತಿಂಗಳು ಬೇರೆ ಊರಿನಲ್ಲಿ. ‘ನೀವಿಬ್ರೂ ಹೆಂಗೂ ಚೆನ್ನಾಗಿ ಹೊಂದ್ಕೋತೀರಲ್ಲ’ ಎನ್ನುತ್ತಾರೆ ಫೋನಿನಲ್ಲಿ. ಹತ್ತು ದಿನ ಹೊಂದಿಕೊಳ್ಳುವುದು ಯಾರಿಗೆ ಬರುವುದಿಲ್ಲ? ಇಂದು ಬೆಳಿಗ್ಗೆ ಐದಕ್ಕೇ ಎದ್ದು, ಅವರ ಕಣ್ಣಿಗೆ ಬೀಳುವ ಮೊದಲು ಸಿಂಕಿನ ಪಾತ್ರೆಗಳನ್ನೆಲ್ಲ ಸದ್ದಾಗದಂತೆ ತೊಳೆದಿಟ್ಟೆ.

ಸೆಪ್ಟೆಂಬರ್ 8, ಗುರುವಾರ

ಇನ್ನು ಮೂವತ್ತೆರಡು.

ಅತ್ತೆ ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವರು. ಕೈಗೆ ಸಿಕ್ಕ ಕಾಗದವನ್ನೆಲ್ಲ ಪೆನ್ನು ಹಿಡಿದೇ ಓದುತ್ತಾರೆ. ನಿನ್ನೆ ಸೋಪಿನ ಹೊದಿಕೆಯಲ್ಲಿ ಒಂದು ತಪ್ಪು ಹುಡುಕಿ ಗೆರೆ ಎಳೆದಿದ್ದರು. ನನ್ನ ಅಡುಗೆಗೆ ಮಾತ್ರ ದಿನವೂ ‘ಚೆನ್ನಾಗಿದೆ’. ಇಂಥವರು ತಪ್ಪೇ ಇಲ್ಲ ಎಂದರೆ ನಂಬುವುದು ಹೇಗೆ? ನಾನೂ ಅವರು ಹೇಳಿದ್ದಕ್ಕೆಲ್ಲ ‘ಆಗಲಿ ಅತ್ತೆ’ ಎನ್ನುತ್ತೇನೆ. ಇಬ್ಬರೂ ಮಲಗುವ ಕೋಣೆಗೆ ಫ್ಯಾನ್ ಬೇಡ ಎಂದರು, ಆಗಲಿ ಅಂದೆ. ಬೆವರಿನಲ್ಲಿ ತೊಯ್ದು ಏಳುತ್ತಿದ್ದೇನೆ.

ತಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ನಮ್ಮ ಡೆಮೊ ಆಡಿದರು. ಆಟ ತೆರೆದುಕೊಳ್ಳುವಷ್ಟು ಹೊತ್ತು ಸುಮ್ಮನೆ ಕೂರುವ ಜೀವವಲ್ಲ; ಪಕ್ಕದಲ್ಲಿ ನೇರಳೆ ಉಲ್ಲನ್ನು ಇಟ್ಟುಕೊಂಡು ಸ್ವೆಟರ್ ಹೆಣೆಯುತ್ತಾರೆ. ‘ನಾಲ್ಕು ಕುಣಿಕೆ ಹಾಕೋದ್ರೊಳಗೆ ಬಂದುಬಿಡ್ತು ನೋಡು’ ಎಂದರು. ಆಮೇಲೆ, ‘ಎಲ್ರಿಗೂ ಕಾಗದ ಇದೆ, ಆ ನಾಯಿಗೊಂದು ಯಾರೂ ಬರೆಯಲ್ವಾ?’ ಎಂದು ಕೇಳಿದರು. ನಗು ಬಂತು.

ಆಫೀಸಿಗೆ ಇವತ್ತು ಒಂದು ಪತ್ರ. ಬರೆದವಳ ತಂದೆ ನಿಜವಾಗಿಯೂ ಅಂಚೆಯವರಾಗಿದ್ದರಂತೆ. ಈಗ ಕಾಲು ಸ್ವಾಧೀನದಲ್ಲಿಲ್ಲ. ನಮ್ಮ ಡೆಮೊ ಬೀದಿಯನ್ನು ದಿನಕ್ಕೆ ಮೂರು ಬಾರಿ ಸುತ್ತಿ ಅದೇ ಏಳು ಕಾಗದ ಹಂಚುತ್ತಾರಂತೆ. ‘ಹಳೇ ಕಂಪ್ಯೂಟರ್. ಪೂರ್ತಿ ಊರು ಇದರಲ್ಲಿ ಓಡುತ್ತದಾ? ಅಪ್ಪನಿಗೆ ಆಸೆ ಹುಟ್ಟಿಸಿ ಆಮೇಲೆ ಇಲ್ಲ ಅನ್ನೋಕೆ ನನಗೆ ಆಗಲ್ಲ.’ ನಾನು ಒಂದೇ ಪದ ಬರೆದೆ: ‘ಖಂಡಿತ.’

ನನ್ನ ನೀಲಿ ಅಂಗಿ ಎಲ್ಲೂ ಕಾಣುತ್ತಿಲ್ಲ. ಅತ್ತೆಯನ್ನು ಕೇಳಲು ಸಂಕೋಚ.

ಸೆಪ್ಟೆಂಬರ್ 11, ಭಾನುವಾರ

ಇಪ್ಪತ್ತೊಂಬತ್ತು. ‘ಮನೆಯವರ ಕೈಲೂ ಆಡಿಸಿ ನೋಡಿ’ ಎಂದು ಯಜಮಾನರು ಪೂರ್ತಿ ಆಟವನ್ನು ಪೆನ್‌ಡ್ರೈವಿನಲ್ಲಿ ಎಲ್ಲರಿಗೂ ಕೊಟ್ಟಿದ್ದಾರೆ. ಅತ್ತೆಗೆ ಹಾಕಿಕೊಟ್ಟೆ. ಎಂಟು ಬೀದಿ ಚೆನ್ನಾಗಿ ನಡೆದರು. ಒಂಬತ್ತನೆಯದು ಮಾರುಕಟ್ಟೆ ಚೌಕ. ಅಲ್ಲಿ ಪರದೆ ನಿಂತೇ ಹೋಯಿತು. ಆಮೇಲೆ ಹೆಜ್ಜೆಗೊಮ್ಮೆ ಮುಗ್ಗರಿಸಿತು.

‘ನಂದೇ ಏನೋ ತಪ್ಪಿರ್ಬೇಕು ಬಿಡಮ್ಮಾ’ ಎಂದರು.

‘ಪರವಾಗಿಲ್ಲ ಅತ್ತೆ, ಮಷೀನಿಗೆ ವಯಸ್ಸಾಯ್ತಲ್ಲ’ ಎಂದೆ ನಾನು. ಇಬ್ಬರೂ ಹಲ್ಲು ಕಾಣುವಂತೆ ನಕ್ಕೆವು.

ಸೆಪ್ಟೆಂಬರ್ 13, ಮಂಗಳವಾರ

ಇಪ್ಪತ್ತೇಳು. ಊಟದ ಮೇಜಿನ ಮೇಲೆ ಒಂದು ಹಾಳೆ. ದುಂಡಗಿನ ಪ್ರೂಫ್ ಅಕ್ಷರ: ‘ಡೆಮೊ, 4 ಕುಣಿಕೆ. ಪೂರ್ತಿ ಆಟ, ಶುರುವಿಗೆ 9. ಮಾರುಕಟ್ಟೆ, 61. ಮತ್ತೆ ನೋಡಿದೆ, 61. ಮೀನಂಗಡಿ ತಿರುವಿನಲ್ಲಿ ಇನ್ನೊಂದು ಸಾಲೇ ಮುಗಿಯಿತು.’

ಪ್ರೋಗ್ರಾಂ ಬರೆಯುವವನಿಗೆ ತೋರಿಸಿದೆ. ಅವನನ್ನು ನಾವು ಕರೆಯುವುದೇ ‘ಆಗೋಯ್ತು’ ಎಂದು. ಯಾವ ಕೆಲಸ ಕೇಳಿದರೂ ಶುರುಮಾಡುವ ಮೊದಲೇ ‘ಆಗೋಯ್ತು’ ಎನ್ನುತ್ತಾನೆ. ಹಾಳೆ ನೋಡಿ ನಕ್ಕ. ‘ನಿಮ್ಮತ್ತೆ ಮಷೀನಲ್ಲಿ ಧೂಳು ತುಂಬಿರತ್ತೆ ಅಕ್ಕ. ಅಜ್ಜಿ ಮೇಲೇ ಓಡ್ತಲ್ಲ.’ ಸರಿ, ಧೂಳೇ ಇರಬೇಕು.

ಸೆಪ್ಟೆಂಬರ್ 17, ಶನಿವಾರ

ಇಪ್ಪತ್ಮೂರು. ಜಗಳವಾಯಿತು. ಬರೆಯಲೂ ನಾಚಿಕೆ.

ಬೆಳಿಗ್ಗೆ ಅತ್ತೆಯ ಲ್ಯಾಪ್‌ಟಾಪ್ ಬಿಚ್ಚಿ ಬ್ರಷ್ಷಿನಲ್ಲಿ ಧೂಳು ಹೊಡೆದೆ, ಬೇಡದ್ದನ್ನೆಲ್ಲ ಮುಚ್ಚಿದೆ, ಮತ್ತೆ ಆಡಿಸಿದೆ. ಅವರು ಕಡ್ಡಿ ಹಿಡಿದು ಎಣಿಸಿ, ‘ಅರವತ್ತು’ ಎಂದರು. ‘ಒಂದು ಕಮ್ಮಿಯಾಯ್ತು.’

ನನಗೆ ಎಲ್ಲಿತ್ತೋ ಸಿಟ್ಟು. ‘ಆಫೀಸಿನ ಡಬ್ಬಾ ಮೇಲೂ ಓಡತ್ತೆ ಅತ್ತೆ. ನಿಮ್ಮ ಹತ್ರ ಮಾತ್ರ ಯಾಕೆ ಓಡಲ್ಲ?’

ಅವರು ಹೆಣಿಗೆಯನ್ನು ತೊಡೆಯ ಮೇಲಿಟ್ಟರು. ‘ಯಾಕೆ ಅಂತ ನನ್ನ ಕೇಳಿದ್ರೆ? ಎಲ್ಲಿ ನಿಲ್ಲತ್ತೆ, ಎಷ್ಟು ಹೊತ್ತು ನಿಲ್ಲತ್ತೆ, ಅಷ್ಟು ನಾನು ಹೇಳ್ಬಲ್ಲೆ. ನೋಡಮ್ಮಾ, ಪುಸ್ತಕದ ಮೊದಲ ಹದಿನಾರು ಪುಟ ಚೊಕ್ಕವಾಗಿ ಬಂತು ಅಂತ ಪೂರ್ತಿ ಪುಸ್ತಕ ಚೊಕ್ಕ ಇರತ್ತಾ? ಮೊದಲ ಹದಿನಾರನ್ನ ಎಲ್ರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿರ್ತಾರೆ. ತಪ್ಪಿರೋದು ನೂರ ಮೂವತ್ತನೇ ಪುಟದಲ್ಲಿ.’

‘ನನ್ನ ಕೆಲಸ ನನಗೆ ಗೊತ್ತು ಅತ್ತೆ’ ಎಂದು ಅಡುಗೆಮನೆಗೆ ಹೋಗಿ ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಮೊದಲ ತುತ್ತಿಗೇ ‘ಉಪ್ಪು ಜಾಸ್ತಿ’ ಎಂದರು. ಹದಿನಾಲ್ಕು ದಿನದಲ್ಲಿ ಮೊದಲ ಸಲ. ಉಪ್ಪು ನಿಜಕ್ಕೂ ಜಾಸ್ತಿಯಾಗಿತ್ತು.

ಸೆಪ್ಟೆಂಬರ್ 19, ಸೋಮವಾರ

ಇಪ್ಪತ್ತೊಂದು.

ಜಗಳವಾಡಿದ ಮೇಲೆ ಗೆಲ್ಲಬೇಕೆಂಬ ಹಟ. ಅಜ್ಜಿಯ ಬೆನ್ನಿಗೆ ಅಂಟಿಸಿದ ಚೀಟಿಯನ್ನು ಅತ್ತೆಯ ಲ್ಯಾಪ್‌ಟಾಪಿನ ವಿವರದ ಜೊತೆ ಇಟ್ಟು ನೋಡಿದೆ. ಅಲ್ಲೂ ನಾಲ್ಕು ಜಿಬಿ ಮೆಮೊರಿ, ಇಲ್ಲೂ ನಾಲ್ಕು. ಹೆಚ್ಚು ಕಡಿಮೆ ಒಂದೇ ವಯಸ್ಸು. ಹಾಗಾದರೆ ಒಂದು ಓಡಿ ಇನ್ನೊಂದು ನಿಲ್ಲುವುದೇಕೆ? ತಿಂಗಳಿಗೊಮ್ಮೆ ಬರುವ ರಿಪೇರಿ ಮಾಮ ಅದೇ ಹೊತ್ತಿಗೆ ಬಂದರು. ಅವರನ್ನೇ ಕೇಳಿದೆ.

‘ಅಜ್ಜಿ ಈಗೆಲ್ಲಿ ಅಜ್ಜಿ ಮೇಡಂ?’ ಎಂದು ನಕ್ಕರು. ‘ಜೂನ್‌ನಲ್ಲಿ ಬಂದಾಗ ನೋಡ್ದೆ, ಏದುಸಿರು ಬಿಡ್ತಿತ್ತು ಪಾಪ. ನೋಡಕ್ಕಾಗ್ಲಿಲ್ಲ. ಅಲ್ಲೊಂದು ಕೆಟ್ಟ ಮಷೀನ್ ಇತ್ತಲ್ಲ, ಅದರ ಮೆಮೊರಿ, ಅದರ ಹೊಸಾ ಡಿಸ್ಕು ಎರಡೂ ತೆಗ್ದು ಇದಕ್ಕೆ ಹಾಕ್ಬಿಟ್ಟೆ. ಈಗ ಹದಿನಾರು ಜಿಬಿ. ಹುಡುಗಿ ಆಗೋಗಿದ್ದಾಳೆ.’

ನಾನು ಸೇರಿದ್ದು ಜುಲೈ ಹನ್ನೊಂದಕ್ಕೆ. ಡೆಮೊ ಆಡಿಸಿದ್ದೂ, ಪೂರ್ತಿ ಆಟ ಆಡಿಸಿದ್ದೂ ಈ ಹುಡುಗಿಯ ಮೇಲೆ. ಒಂದು ಗುಂಡಿ ಒತ್ತಿದ್ದರೆ ಕಂಪ್ಯೂಟರೇ ತನ್ನ ಮೆಮೊರಿ ಎಷ್ಟೆಂದು ಹೇಳುತ್ತಿತ್ತು. ನಾನು ಚೀಟಿ ಓದಿದೆ, ಹೊಟ್ಟೆ ನೋಡಲಿಲ್ಲ. ರಿಪೇರಿ ಮಾಮನದು ಕರುಣೆ, ತಪ್ಪು ನನ್ನದು.

ಡೆಮೊ ಒಂದೇ ಬೀದಿ, ಅದು ಯಾರಲ್ಲಾದರೂ ಓಡುತ್ತದೆ. ಆ ಬೀದಿಯನ್ನು ನಂಬಿ ಇನ್ನೂರ ಹನ್ನೆರಡು ಜನ ಕಾಯುತ್ತಿದ್ದಾರೆ. ಕಾಲು ಸೋತ ಆ ಅಂಚೆಯವರು ಮಾರುಕಟ್ಟೆಯಲ್ಲಿ ನಿಂತೇಬಿಡುತ್ತಾರೆ. ‘ಖಂಡಿತ’ ಎಂದವಳು ನಾನು.

ಸೆಪ್ಟೆಂಬರ್ 20, ಮಂಗಳವಾರ

ಇಪ್ಪತ್ತು. ಹೇಳಲಿಲ್ಲ.

ಸೆಪ್ಟೆಂಬರ್ 21, ಬುಧವಾರ

ಹತ್ತೊಂಬತ್ತು. ಇವತ್ತೂ ಹೇಳಲಿಲ್ಲ. ಎರಡು ಸಲ ಯಜಮಾನರ ಬಾಗಿಲ ತನಕ ಹೋಗಿ ಸ್ಟೇಪ್ಲರ್ ಕೇಳಿ ವಾಪಸ್ ಬಂದೆ. ನನ್ನ ಮೇಜಿನ ಮೇಲೆ ಈಗ ಮೂರು ಸ್ಟೇಪ್ಲರ್ ಇವೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಈ ಸಲ ತಪ್ಪು ನನ್ನದೇ ಬೇರೆ.

ಸಂಜೆ ಅತ್ತೆ ನನ್ನ ಮುಖ ನೋಡಿ, ‘ಏನಾಯ್ತು? ಚೆನ್ನಾಗಿದೆ ಅಂತ ಹೇಳ್ಬೇಡ’ ಎಂದರು. ಎಲ್ಲ ಹೇಳಿದೆ. ಅಳು ಬಂತು, ಅತ್ತುಬಿಟ್ಟೆ.

ಅತ್ತೆ ‘ನಾನು ಹೇಳಿರಲಿಲ್ವಾ’ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ‘ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ’ ಎಂದರು. ‘ಮಕ್ಕಳ ಲೆಕ್ಕದ ಪುಸ್ತಕ. ಕೊನೇಲಿ ಉತ್ತರಗಳ ಪಟ್ಟಿ ಇರತ್ತಲ್ಲ, ಅದರಲ್ಲೊಂದು ತಪ್ಪು ಬಿಟ್ಟಿದ್ದೆ. ಅಚ್ಚಾದ ಮೇಲೆ ಕಣ್ಣಿಗೆ ಬಿತ್ತು. ಪುಸ್ತಕ ಇನ್ನೂ ಗೋದಾಮಲ್ಲೇ ಇತ್ತು, ಒಂದು ಚೀಟಿ ಅಂಟಿಸಿದ್ರೆ ಮುಗೀತಿತ್ತು. ಹೆದರಿ ಬಾಯಿ ಬಿಡ್ಲಿಲ್ಲ. ಆ ವರ್ಷದ ಮಕ್ಕಳೆಲ್ಲ ಸರಿಯಾಗಿ ಮಾಡಿದ ಲೆಕ್ಕಾನ ತಪ್ಪು ಅಂದ್ಕೊಂಡು ಅಳಿಸಿರ್ತಾರೆ. ಈಗ ಅವರಿಗೆಲ್ಲ ನಲವತ್ತು ದಾಟಿದೆ. ಬ್ಯಾಂಕಲ್ಲಿ ಯಾರಾದ್ರೂ ಆ ವಯಸ್ಸಿನವರು ಲೆಕ್ಕ ಮಾಡೋಕೆ ತಡವರಿಸಿದ್ರೆ, ಅಯ್ಯೋ, ನನ್ನಿಂದಲೇ ಏನೋ ಅನ್ಸತ್ತೆ.’

ನಗು ಬಂತು. ಅವರು ನಗಲಿಲ್ಲ.

‘ನಿಂದಿನ್ನೂ ಗೋದಾಮಲ್ಲೇ ಇದೆ’ ಎಂದರು.

ಸೆಪ್ಟೆಂಬರ್ 22, ಗುರುವಾರ

ಹೇಳಿದೆ.

ಸ್ಟೇಪ್ಲರ್ ಮೂರನ್ನೂ ವಾಪಸ್ ಕೊಡುವ ನೆಪದಲ್ಲಿ ಒಳಗೆ ಹೋದೆ. ಯಜಮಾನರು ಕಿತ್ತಳೆ ಸುಲಿಯುತ್ತಿದ್ದರು. ಅಜ್ಜಿ, ಚೀಟಿ, ಮಾರುಕಟ್ಟೆ, ಕುಣಿಕೆಯ ಲೆಕ್ಕ, ಒಂದೂ ಬಿಡದೆ ಹೇಳಿದೆ. ಕಿತ್ತಳೆ ಅರ್ಧಕ್ಕೇ ನಿಂತಿತು.

‘ಎಂಟು ದಿನ ಇದೆ. ಈಗ ಹೇಳ್ತಿದ್ದೀರಾ?’

‘ಮೂರು ದಿನದಿಂದ ಗೊತ್ತಿತ್ತು ಸರ್. ಹೆದರಿಕೆಯಾಯ್ತು.’

ಅವರ ಮುಖ ಕೆಂಪಾಯಿತು. ಎದ್ದು ಹೋಗಿ ಅಜ್ಜಿಯ ಬೆನ್ನಿನ ಚೀಟಿ ಓದಿದರು. ‘ಇದು ನನ್ನ ಕೈಬರಹ’ ಎಂದರು. ‘ಮೂರು ವರ್ಷದ ಹಿಂದೆ ಅಂಟಿಸಿದ್ದು. ನಾನೂ ದಿನಾ ಇದನ್ನೇ ಓದ್ತಿದ್ದೆ.’ ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ಮತ್ತೆ ಮಷೀನು ನಾಳೆ ತರಕ್ಕಾಗತ್ತಾ?’ ಎಂದರು.

‘ಕೊಡಲ್ಲ ಸರ್. ಅರ್ಧ ಊರು ಹಂಚಿ ಆಗಿದೆ ಅವರದು.’

‘ಹಾಗಾದ್ರೆ ಅವರನ್ನೂ ಕರ್ಕೊಂಡು ಬನ್ನಿ.’

ಬಿಡುಗಡೆ ಹನ್ನೆರಡು ದಿನ ಮುಂದಕ್ಕೆ ಹೋಯಿತು. ನನ್ನ ವಾಕ್ಯವನ್ನು ಪುಟದಿಂದ ನಾನೇ ಅಳಿಸಿದೆ. ನನ್ನ ಬಗ್ಗೆ ಅವರು ಏನೂ ಹೇಳಲಿಲ್ಲ. ಬಸ್ಸಿನಲ್ಲಿ ಕೂತಾಗ ಯಾಕೋ ಹಸಿವಾಯಿತು, ಮೂರು ದಿನದಲ್ಲಿ ಮೊದಲ ಸಲ.

ಸೆಪ್ಟೆಂಬರ್ 23, ಶುಕ್ರವಾರ

ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಲ್ಯಾಪ್‌ಟಾಪ್ ಒಂದು ಕೈಲಿ, ಉಲ್ಲನ್ ಚೀಲ ಇನ್ನೊಂದು ಕೈಲಿ ಹಿಡಿದು ಟೈರ್ ಅಂಗಡಿಯ ಮೆಟ್ಟಿಲು ಹತ್ತಿದರು. ಆಗೋಯ್ತುವಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಆಡಿ ತೋರಿಸಿದರು. ಅರವತ್ತು ಕುಣಿಕೆಯನ್ನೂ ಅವನು ಕಣ್ಣಾರೆ ನೋಡಿದ. ನಗು ಇಳಿಯಿತು.

‘ಎಲ್ಲಾ ಬೀದೀನೂ ಮಾರುಕಟ್ಟೆಗೇ ಬಂದು ಸೇರತ್ತೆ ಆಂಟಿ’ ಎಂದು ವಿವರಿಸಿದ. ‘ಅದಕ್ಕೆ ಅಲ್ಲಿ ಹೆಜ್ಜೆ ಇಟ್ಟ ತಕ್ಷಣ ನಲವತ್ತೆರಡು ಬೀದೀನೂ ಒಟ್ಟಿಗೆ ತಂದು ರೆಡಿ ಇಟ್ಕೊಳತ್ತೆ.’

‘ಅಂಚೆಯವನು ಊರಿನ ಟಪಾಲೆಲ್ಲ ಒಂದೇ ಚೀಲದಲ್ಲಿ ಹೊತ್ಕೊಂಡು ಹೊರಡ್ತಾನೇನಪ್ಪಾ? ಹೋಗೋ ಬೀದೀದು, ಅದರ ಅಕ್ಕಪಕ್ಕದ್ದು ಇದ್ರೆ ಸಾಲ್ದಾ?’

ಅವನು ಪರದೆಯನ್ನೇ ನೋಡುತ್ತ ಕೂತ. ‘ಆಗೋಯ್ತು ಆಂಟಿ’ ಎಂದ.

‘ಏನಾಗೋಯ್ತು? ಇನ್ನೂ ಶುರುವೇ ಮಾಡಿಲ್ಲ ನೀನು’ ಎಂದರು ಅತ್ತೆ. ಯಜಮಾನರು ಒಳಗಿನಿಂದಲೇ ನಕ್ಕಿದ್ದು ಕೇಳಿಸಿತು.

ನಾನು ಕಾಯುತ್ತಿರುವವರಿಗೆಲ್ಲ ಪತ್ರ ಬರೆದೆ. ನಮ್ಮ ಡೆಮೊ ಸುಲಭದ ಬೀದಿ, ಅದರಿಂದ ಪೂರ್ತಿ ಊರಿನ ಭರವಸೆ ಕೊಟ್ಟದ್ದು ತಪ್ಪು. ಅತಿ ಕಷ್ಟದ ಮಾರುಕಟ್ಟೆಯನ್ನೇ ಸೇರಿಸಿ ಹೊಸ ಡೆಮೊ ಕಳಿಸುತ್ತೇವೆ, ಅದು ಓಡಿದರೆ ಮಾತ್ರ ಆಟ ತೆಗೆದುಕೊಳ್ಳಿ ಎಂದು. ಅತ್ತೆ ಪ್ರೂಫ್ ನೋಡಿದರು. ‘ಇನ್ನು ಮುಂದೆ ಖಂಡಿತ ಹೀಗಾಗುವುದಿಲ್ಲ’ ಎಂಬ ವಾಕ್ಯದಲ್ಲಿ ‘ಖಂಡಿತ’ಕ್ಕೆ ಗೆರೆ ಎಳೆದು ವಾಪಸ್ ಕೊಟ್ಟರು.

ಸೆಪ್ಟೆಂಬರ್ 28, ಬುಧವಾರ

ರಿಪೇರಿ ಮಾಮ ಬಂದು, ಹಾಕಿದ್ದನ್ನೆಲ್ಲ ತೆಗೆದು ಅಜ್ಜಿಯನ್ನು ಮತ್ತೆ ಅಜ್ಜಿ ಮಾಡಿದರು. ‘ಪಾಪ ಕಣಮ್ಮಾ’ ಎನ್ನುತ್ತಲೇ ಸ್ಕ್ರೂ ತಿರುಗಿಸಿದರು. ಮಾರುಕಟ್ಟೆ ಈಗ ಇಪ್ಪತ್ತೆರಡು ಕುಣಿಕೆ. ಸಾಲದು. ಆಗೋಯ್ತುಗೆ ಮುಖಕ್ಕೆ ಮುಖ ಕೊಟ್ಟು ಹೇಳಿದೆ, ‘ಆಗಿಲ್ಲ ಕಣಪ್ಪಾ’ ಎಂದು.

ಬೆಳಿಗ್ಗೆ ಫ್ಯಾನಿನ ವಿಷಯಕ್ಕೆ ಅತ್ತೆಗೂ ನನಗೂ ಮಾತಾಯಿತು. ನನಗೆ ಬೇಕೇ ಬೇಕು ಎಂದೆ. ‘ಮೊದಲೇ ಬಾಯಿ ಬಿಟ್ಟು ಹೇಳಕ್ಕೇನಾಗಿತ್ತು’ ಎಂದು ತಮ್ಮ ಹಾಸಿಗೆಯನ್ನು ಆಚೆ ಕೋಣೆಗೆ ಹಾಕಿಕೊಂಡರು. ಸೊಗಸಾಗಿ ನಿದ್ದೆ ಬರುತ್ತದೆ ಇನ್ನು.

ಅಕ್ಟೋಬರ್ 4, ಮಂಗಳವಾರ

ಐದೇ ಕುಣಿಕೆ! ಅಜ್ಜಿಯ ಮೇಲೂ ಐದು, ಅತ್ತೆಯ ಲ್ಯಾಪ್‌ಟಾಪಿನಲ್ಲೂ ಐದು. ಮೀನಂಗಡಿ ತಿರುವು ಬಂದದ್ದೂ ಗೊತ್ತಾಗಲಿಲ್ಲ. ಹೋದ ಜೀವ ಬಂದಂತಾಯಿತು. ಅತ್ತೆ ಮಾತ್ರ ಗೊಣಗಿದರು: ‘ಹೀಗೆ ಓಡಿದ್ರೆ ನನ್ನ ಸ್ವೆಟರ್ ಮುಗಿಯೋದು ಯಾವಾಗ?’

ಅಕ್ಟೋಬರ್ 12, ಬುಧವಾರ

ಆಟ ಹೊರಗೆ ಹೋಯಿತು. ಆರೂ ಜನ ಪರದೆಯ ಮುಂದೆ ಕೂತು ಉಗುರು ಕಚ್ಚಿದೆವು. ದೂರು ಬಂದವು, ಬರದೆ ಇರುತ್ತವೆಯೇ: ನಾಯಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ, ಸೈಕಲ್ ಬೆಲ್ ಬಲು ಜೋರು. ನಿಂತುಹೋಯಿತು ಎಂದು ಒಬ್ಬರೂ ಬರೆದಿಲ್ಲ.

ಸಂಜೆ ನಾಲ್ಕಕ್ಕೆ ಅಂಚೆಯವರ ಮಗಳಿಂದ ಎರಡೇ ಸಾಲು. ‘ಅಪ್ಪ ಮಾರುಕಟ್ಟೆ ದಾಟಿದರು. ಊಟಕ್ಕೆ ಕರೆದರೆ, ಇರು, ಇನ್ನೂ ಮೂವತ್ತಮೂರು ಬೀದಿ ಬಾಕಿ ಇದೆ ಎಂದು ಗದರಿದರು.’ ಓದಿ, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಕ್ಟೋಬರ್ 14, ಶುಕ್ರವಾರ

ರಜೆ ಚೀಟಿಗೆ ಸಹಿ ಹಾಕಿಸಲು ಹೋದರೆ ಯಜಮಾನರು ಡ್ರಾಯರಿನಿಂದ ಒಂದು ಲಕೋಟೆ ತೆಗೆದರು. ‘ಇದನ್ನ ಸೋಮವಾರವೇ ಕೊಡ್ಬೇಕಿತ್ತು, ಗಡಿಬಿಡೀಲಿ ಮರ್ತೆ. ನೀವೂ ಕೇಳ್ಲಿಲ್ಲ.’

‘ಏನು ಸರ್ ಇದು?’

‘ಟ್ರಯಲ್ ಹತ್ತನೇ ತಾರೀಖೇ ಮುಗೀತಲ್ಲಮ್ಮಾ. ಇರಿ ಅಂತ ಬರ್ದಿದೀನಿ. ಇರ್ತೀರಾ?’

ಇರುತ್ತೇನೆ ಎಂದೆ. ಮನೆಗೆ ಬಂದು ಈ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದೆ. ದಿನ ಎಣಿಸುವುದನ್ನು ಯಾವಾಗ ಬಿಟ್ಟೆನೋ ನೆನಪೇ ಇಲ್ಲ.

ಲಕೋಟೆಯನ್ನು ಅತ್ತೆಗೆ ಕೊಟ್ಟೆ. ಪೆನ್ನು ಹಿಡಿದು ಪೂರ್ತಿ ಓದಿ, ‘ಎರಡು ಅಲ್ಪವಿರಾಮ ಬಿಟ್ಟಿದ್ದಾರೆ, ಬಾಕಿ ಸರಿಯಾಗಿದೆ’ ಎಂದರು. ಆಮೇಲೆ ಉಲ್ಲನ್ ಚೀಲದೊಳಗೆ ಕೈ ಹಾಕಿ ನೇರಳೆ ಸ್ವೆಟರನ್ನು ತೆಗೆದು ನನ್ನ ಮಡಿಲಿಗೆ ಹಾಕಿದರು. ಅದರ ಜೊತೆಗೇ ನನ್ನ ನೀಲಿ ಅಂಗಿಯೂ ಬಂತು. ಅಳತೆಗೆಂದು ಅವರೇ ಎತ್ತಿಟ್ಟುಕೊಂಡಿದ್ದರಂತೆ.

ಸ್ವೆಟರಿಗೆ ಒಂದೇ ತೋಳು.

‘ಇನ್ನೊಂದೆಲ್ಲಿ ಅತ್ತೆ?’

‘ನಿಮ್ಮ ಆಟ ನಿಲ್ಲೋದು ಬಿಡ್ತಲ್ಲ, ನನ್ನ ಕೈಗೆ ಬಿಡುವೆಲ್ಲಿ? ಇದು ಡೆಮೊ ಅಂದ್ಕೋ. ಹಾಕ್ಕೊಂಡು ನೋಡು.’

ಕನ್ನಡಿಯ ಮುಂದೆ ನಿಂತು ಹಾಕಿಕೊಂಡೆ. ಬಲಗೈ ಮಣಿಕಟ್ಟಿನ ತನಕ ಬೆಚ್ಚಗೆ, ಎಡಗೈ ಬರಿದು. ಅತ್ತೆ ಕನ್ನಡಕ ಏರಿಸಿಕೊಂಡು ಕಾದರು.

‘ಕಂಕುಳಲ್ಲಿ ಬಿಗಿ ಅತ್ತೆ. ಕೈ ಎತ್ತಕ್ಕಾಗಲ್ಲ’ ಎಂದೆ.

‘ತೆಗಿ, ಕೊಡು ಇಲ್ಲಿ’ ಎಂದು ಇಸಕೊಂಡು, ತುದಿ ಹುಡುಕಿ ಸರಸರನೆ ಬಿಚ್ಚತೊಡಗಿದರು. ಸಿಂಕಿನಲ್ಲಿ ಪಾತ್ರೆ ಬಿದ್ದಿದ್ದವು; ನಾಳೆ ನೋಡಿಕೊಂಡರಾಯಿತು ಎಂದು ನಾನು ಅವರೆದುರು ಕೂತು, ಬಿಚ್ಚಿ ಬಂದ ನೂಲನ್ನು ಉಂಡೆ ಸುತ್ತಿದೆ.